ಸಂಪಂಗಿ ಕೆರೆ ಕ್ರೀಡಾಂಗಣವಾದ ಬಗೆ

2025ರ ಜುಲೈ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ದೂರಕ್ಕೆ ಜಾವೆಲಿನ್ ಎಸೆದು ಗೆದ್ದರು. ಆ ಜಾವೆಲಿನ್ ನಾಟಿದ ನೆಲ ಒಂದು ಕಾಲಕ್ಕೆ ಸಂಪಂಗಿ ಕೆರೆಯ ಒಡಲು. ಪಕ್ಕದ ಬಡಾವಣೆಗೆ ಸಂಪಂಗಿರಾಮನಗರ ಎಂಬ ಹೆಸರು ಉಳಿದಿದೆ, ಕೆರೆ ಉಳಿದಿಲ್ಲ.

ಕೊರಟಗೆರೆ, ಮಧುಗಿರಿ ಕಡೆಯ ನಮಗೆ ಕೆರೆಯೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೋಡಿ ಬಿದ್ದ ವರ್ಷ ಊರಿಗೆ ಊರೇ ಏರಿಯ ಮೇಲೆ ಸೇರಿ ಬಾಗಿನ ಬಿಡುತ್ತದೆ. ತೂಬು ಎತ್ತಿದರೆ ಅಚ್ಚುಕಟ್ಟಿನ ಗದ್ದೆಗೆ ನೀರು. ಕೆರೆ ತುಂಬಿದ್ದರೆ ಸುತ್ತಲ ಬಾವಿಗಳಲ್ಲೂ ನೀರು. ಸಂಪಂಗಿ ಕೆರೆಯೂ ಇಂಥದ್ದೇ. ಒಂದು ಬದಿಗೆ ಹಳೆಯ ಪೇಟೆ, ಇನ್ನೊಂದು ಬದಿಗೆ 1809ರಲ್ಲಿ ಶುರುವಾದ ಬ್ರಿಟಿಷರ ದಂಡು (ಕಂಟೋನ್ಮೆಂಟ್). ಎರಡೂ ಕಡೆಯವರು ಇದರ ನೀರು ಕುಡಿದವರು. ಕೆರೆಯ ಕೆಳಗೆ ತಿಗಳರ ತೋಟಗಳಿದ್ದವು. ಪೇಟೆಯ ಅಡುಗೆಮನೆಗೆ ಸೊಪ್ಪು, ತರಕಾರಿ, ದೇವರ ಮುಡಿಗೆ ಹೂವು ಬರುತ್ತಿದ್ದುದು ಅಲ್ಲಿಂದ. ಇಟ್ಟಿಗೆ ಸುಡುವವರಿಗೂ ಅಂಗಳದ ಮಣ್ಣೇ ಜೀವನಾಧಾರ.

ಈ ಕೆರೆ ಮೈದಾನವಾದ ಕಥೆಯನ್ನು ಹಳೆಯ ಸರ್ಕಾರಿ ಕಡತ, ನಕಾಶೆ, ಹಿರಿಯರ ನೆನಪು ಜೋಡಿಸಿ ಹಿತಾ ಉನ್ನಿಕೃಷ್ಣನ್, ಬಿ. ಮಂಜುನಾಥ ಮತ್ತು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ 2016ರಲ್ಲಿ ಒಂದು ಪ್ರಬಂಧವಾಗಿ ಪ್ರಕಟಿಸಿದರು. ಅದನ್ನು ಓದುವಾಗ ಮನಸ್ಸಿಗೆ ನಾಟುವ ಸಂಗತಿಯೆಂದರೆ, ಕೆರೆ ಯಾರ ಗಮನಕ್ಕೂ ಬಾರದೆ ಸದ್ದಿಲ್ಲದೆ ಹೋದದ್ದಲ್ಲ. ಕೆಳಗಿನ ತೋಟದವರು ನೀರು ನಿಲ್ಲಿಸಿಕೊಡಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟಿದ್ದರು. ಅತ್ತ ದಂಡಿನವರಿಗೆ ಒಣಗಿದ ಅಂಗಳ ಬೇಕಿತ್ತು, ಪೋಲೊ ಆಡಲು. ಒಬ್ಬರಿಗೆ ಕೆರೆ ತುಂಬಿದರೆ ಅನ್ನ, ಇನ್ನೊಬ್ಬರಿಗೆ ಬತ್ತಿದರೆ ಆಟ. ಸಾಲದ್ದಕ್ಕೆ 1881ರ ನಂತರ ಪೇಟೆ ಮೈಸೂರು ಅರಸರ ಸರ್ಕಾರಕ್ಕೆ, ದಂಡು ಬ್ರಿಟಿಷ್ ರೆಸಿಡೆಂಟರ ಕೈಗೆ. ಎರಡು ಆಡಳಿತಗಳ ನಡುವೆ ಸಿಕ್ಕಿದ ಕೆರೆಯ ಬಗ್ಗೆ ತೋಟದ ರೈತ ಯಾರ ಬಾಗಿಲು ತಟ್ಟಬೇಕು?

ನನ್ನ ಪ್ರಕಾರ ಕೆರೆಯ ಹಣೆಬರಹ ತೀರ್ಮಾನವಾದದ್ದು ಪೋಲೊದಿಂದಲ್ಲ, ನಲ್ಲಿಯಿಂದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆ ಎಳೆದು, 1896ರ ಹೊತ್ತಿಗೆ ಬೆಂಗಳೂರಿಗೆ ನಲ್ಲಿ ನೀರು ಬಂತು. ಅದು ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಅಂದಿನಿಂದ ಅಧಿಕಾರದಲ್ಲಿದ್ದವರು ಸಂಪಂಗಿಯ ನೀರು ಕುಡಿಯುವುದು ನಿಂತಿತು. ಊರೆಲ್ಲ ಕುಡಿಯುತ್ತಿದ್ದಾಗ ಎಲ್ಲರದ್ದಾಗಿದ್ದ ಕೆರೆ, ಈಗ ತೋಟದವರ ತಕರಾರಾಗಿ ಮಾತ್ರ ಉಳಿಯಿತು. ನಾಲ್ಕು ಜನರ ತಕರಾರನ್ನು ತಳ್ಳಿಹಾಕುವುದು ಯಾವ ಸರ್ಕಾರಕ್ಕೂ ಕಷ್ಟವಲ್ಲ. 1930ರ ದಶಕದ ಕೊನೆಯ ಹೊತ್ತಿಗೆ ಕೆರೆ ಹೋಗಿ, ಪೂಜೆಗೆಂದು ಒಂದು ಸಣ್ಣ ಕೊಳ ಉಳಿದಿತ್ತು. 1997ರ ರಾಷ್ಟ್ರೀಯ ಕ್ರೀಡಾಕೂಟದ ವೇಳೆಗೆ ಅಲ್ಲಿ ದೊಡ್ಡ ಕ್ರೀಡಾಂಗಣವೇ ನಿಂತಿತ್ತು.

ಆ ಕೊಳ ಉಳಿದದ್ದು ತಿಗಳರ ಕರಗ ಉತ್ಸವದಿಂದ. ಇಂದಿಗೂ ಚೈತ್ರ ಹುಣ್ಣಿಮೆಗೆ ಮುನ್ನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ವೀರಕುಮಾರರು ಅಲಗು ಹಿಡಿದು ಇಲ್ಲಿಗೆ ಬರುತ್ತಾರೆ; ಹಸಿ ಕರಗ ಹೊರಡುವುದು ಇದೇ ಸಂಪಂಗಿ ಅಂಗಳದಿಂದ. ತಿಗಳರಿಗೆ ಬೇಸಾಯದ ನೀರನ್ನು ಕೊಡದ ಆಡಳಿತ ದೇವರ ನೀರನ್ನು ಬಿಟ್ಟುಕೊಟ್ಟಿತು. ಭಕ್ತಿಗೆ ತಲೆಬಾಗಿದವರು ಬದುಕಿಗೂ ಅಷ್ಟೇ ತಲೆಬಾಗಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಂಪಂಗಿ ಒಂದೇ ಅಲ್ಲ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು, ಕೋರಮಂಗಲದ ಕೆರೆ ಜಾಗದಲ್ಲಿ ಕ್ರೀಡಾಗ್ರಾಮದ ಮನೆಗಳೆದ್ದವು. ಆಟಕ್ಕೆ ಜಾಗ ಬೇಕು, ನಿಜ. ಹಳ್ಳಿಯ ಮಕ್ಕಳಿಗೆ ಓಡಲು ಒಳ್ಳೆಯ ಟ್ರ್ಯಾಕ್ ಬೇಡ ಎನ್ನುವವನು ನಾನಲ್ಲ. ಆದರೆ ಬಯಲಾಗಿ ಕಂಡದ್ದೆಲ್ಲ ಖಾಲಿ ಜಾಗವಲ್ಲ. ಅಲ್ಲಿ ಯಾರ ನೀರು ಹರಿಯುತ್ತದೆ, ಯಾರ ದನ ಮೇಯುತ್ತವೆ, ಯಾರ ಮನೆಯ ದಾರಿ ಅದೇ ಎಂದು ನಕ್ಷೆ ಬರೆಯುವವರು ಕೇಳುವುದು ಅಪರೂಪ. ಊರ ನಡುವಿನ ಕ್ರೀಡಾಂಗಣ ಎಷ್ಟು ದುಬಾರಿಯಾಗಬಲ್ಲದೆಂದು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಪ್ರಾಣ ಬಿಟ್ಟಾಗ ನಾಡೇ ಕಂಡಿತು. ಇನ್ನು ಮುಂದೆ ಕ್ರೀಡಾಂಗಣಗಳು ಊರಾಚೆಗೆ, ನಮ್ಮಂಥವರ ಹೊಲಗಳ ಕಡೆಗೆ ಬರಲಿವೆ. ತುಮಕೂರು ಬಳಿಯ ಸೋರೇಕುಂಟೆಯಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ 2024ರ ಡಿಸೆಂಬರ್‌ನಲ್ಲೇ ಶಂಕುಸ್ಥಾಪನೆ ಆಗಿದೆ.

ಹಾಗಾಗಿ ನಮ್ಮ ಸೀಮೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರ ಪಕ್ಕ ಕ್ರೀಡಾಂಗಣಕ್ಕೋ ವಿಶ್ವವಿದ್ಯಾಲಯಕ್ಕೋ ಜಾಗ ಗುರುತಿಸಿದ ಸುದ್ದಿ ಬಂದರೆ, ಮೊದಲು ಗ್ರಾಮನಕಾಶೆ ತೆಗೆಸಿ ನೋಡಿ. ಕೆರೆ, ಹಳ್ಳ, ರಾಜಕಾಲುವೆ, ಗೋಮಾಳ, ಸ್ಮಶಾನ ಯಾವುದಾದರೂ ಆ ಗೆರೆಯೊಳಗೆ ಬರುತ್ತದೆಯೇ ಎಂದು ಪರಿಶೀಲಿಸಿ. ಬಂದರೆ ತಕರಾರನ್ನು ಬಾಯಲ್ಲಿ ಹೇಳಿ ಬರಬೇಡಿ. ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆಯಿರಿ. ತೋಟದವರ ಜೊತೆಗೆ ಮನೆಯಲ್ಲಿ ನಲ್ಲಿ ಇರುವವರೂ ಅದಕ್ಕೆ ಸಹಿ ಹಾಕಬೇಕು.