ಗೋಡೆ ಒಬ್ಬರದು, ನೋಟ ಎಲ್ಲರದು



ಹಬ್ಬಕ್ಕೆ ಮುನ್ನ ನಿಮ್ಮ ಬೀದಿಯ ಒಂದು ಮನೆಗೆ ಸುಣ್ಣ ಬಣ್ಣ ಆಯಿತೆನ್ನಿ. ಖರ್ಚು ಮಾಡಿದವರು ಆ ಮನೆಯವರು. ಅದರ ಅಂದವನ್ನು ಕಂಡು ಸಂತೋಷಪಡುವವರು ಬೀದಿಯಲ್ಲಿ ಓಡಾಡುವ ಎಲ್ಲರೂ. ಹಾಗಾದರೆ ಆ ಖರ್ಚಿನಲ್ಲಿ ಸರ್ಕಾರವೂ ಒಂದು ಪಾಲು ಹೊರಬೇಕೆ? ಹೊರುವುದಾದರೆ ಎಷ್ಟು? ಇಟಲಿ ದೇಶವು 2020ರಿಂದ 2022ರವರೆಗೆ ಮೂರು ವರ್ಷ ಈ ಪ್ರಯೋಗವನ್ನು ಮಾಡಿ ನೋಡಿತು. ಅದರ ಕಥೆಯಲ್ಲಿ ನಮಗೂ ಪಾಠವಿದೆ.

ಇಟಲಿಯ ನಗರಗಳಲ್ಲಿ ಹಳೆಯ ಕಟ್ಟಡಗಳು ಸಾಲುಸಾಲಾಗಿವೆ. ಗಾರೆ ಉದುರಿದ ಗೋಡೆ, ಬಿರುಕು ಬಿಟ್ಟ ಬಾಲ್ಕನಿ ಅಲ್ಲಿ ಅಪರೂಪವಲ್ಲ. ಆದ್ದರಿಂದ ಅಲ್ಲಿನ ಸರ್ಕಾರ 2020ರ ಮುಂಗಡಪತ್ರದಲ್ಲಿ 'ಬೋನಸ್ ಫಚ್ಚಾತೆ', ಅಂದರೆ ಕಟ್ಟಡದ ಹೊರಮುಖಕ್ಕೆ ಪ್ರೋತ್ಸಾಹ ಎಂಬ ಯೋಜನೆಯನ್ನು ತಂದಿತು. ಗೋಡೆಯನ್ನು ತೊಳೆದು ಬಣ್ಣ ಬಳಿಸಿದರೆ, ಗಾರೆ ಸರಿಪಡಿಸಿದರೆ, ಬಾಲ್ಕನಿಯನ್ನೂ ಅಲಂಕಾರದ ಕೆತ್ತನೆಗಳನ್ನೂ ದುರಸ್ತಿ ಮಾಡಿಸಿದರೆ, ಖರ್ಚಿನ ಶೇಕಡಾ 90ರಷ್ಟು ತೆರಿಗೆ ರಿಯಾಯಿತಿ!

ಇದಕ್ಕೊಂದು ಷರತ್ತಿತ್ತು. ಕಟ್ಟಡವು ಊರಿನ ಹಳೆಯ ಭಾಗದಲ್ಲೋ, ಮನೆಗಳು ಒತ್ತಾಗಿ ಬೆಳೆದ ಭಾಗದಲ್ಲೋ ಇರಬೇಕು. ಮತ್ತು ಆ ಗೋಡೆ ಸಾರ್ವಜನಿಕ ಬೀದಿಗೆ ಕಾಣುವಂತಿರಬೇಕು. ಬೀದಿಗೆ ಕಾಣದ ಒಳ ಅಂಗಳದ ಗೋಡೆಗೆ ರಿಯಾಯಿತಿ ಇಲ್ಲ. ಇದರ ಹಿಂದಿನ ತರ್ಕವನ್ನು ಗಮನಿಸಿ: ಜನರ ಹಣ ಹೋಗುವುದು ಜನರಿಗೆ ಕಾಣುವ ಅಂದಕ್ಕೆ ಮಾತ್ರ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಖರ್ಚನ್ನು ಕಳೆಯುತ್ತಿದ್ದುದು ಆದಾಯದಿಂದಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ. ಒಬ್ಬರು 10,000 ಯೂರೋ ಖರ್ಚು ಮಾಡಿದರು ಎಂದಿಟ್ಟುಕೊಳ್ಳಿ. ಅವರಿಗೆ ಸಿಗುವ ರಿಯಾಯಿತಿ 9,000 ಯೂರೋ. ಅದೂ ಒಂದೇ ಸಲಕ್ಕಲ್ಲ. ವರ್ಷಕ್ಕೆ 900ರಂತೆ ಹತ್ತು ಕಂತುಗಳಲ್ಲಿ. ಒಬ್ಬ ಬಡ ನಿವೃತ್ತರು ಕಟ್ಟಬೇಕಾದ ತೆರಿಗೆ ವರ್ಷಕ್ಕೆ ಕೇವಲ 500 ಯೂರೋ ಆಗಿದ್ದರೆ? ಉಳಿದ 400 ಅವರ ಕೈತಪ್ಪಿ ಹೋಗುತ್ತದೆ. ಮುಂದಿನ ವರ್ಷಕ್ಕೆ ಬರುವುದಿಲ್ಲ. ತೆರಿಗೆ ರಿಯಾಯಿತಿಗಳ ಸಾಮಾನ್ಯ ದೋಷವಿದು. ಹೆಚ್ಚು ತೆರಿಗೆ ಕಟ್ಟುವ ಉಳ್ಳವರಿಗೆ ಪೂರ್ಣ ಲಾಭ, ಇಲ್ಲದವರಿಗೆ ಅರೆಬರೆ.

ಈ ಕೊರತೆಯನ್ನು ನೀಗಿಸಲು 2020ರ ಮೇ ತಿಂಗಳಲ್ಲಿ ಮತ್ತೊಂದು ಸೌಲಭ್ಯ ಬಂತು. ಮನೆಯೊಡೆಯರು ತಮ್ಮ ರಿಯಾಯಿತಿಯ ಹಕ್ಕನ್ನು ಗುತ್ತಿಗೆದಾರನಿಗೋ ಬ್ಯಾಂಕಿಗೋ ಬಿಟ್ಟುಕೊಡಬಹುದು. ಆಗ ಅವರು ಕೈಯಿಂದ ಕೊಡಬೇಕಾದುದು ಹತ್ತರಲ್ಲಿ ಒಂದು ಪಾಲು ಮಾತ್ರ. ಉದ್ದೇಶ ಒಳ್ಳೆಯದೇ. ಆದರೆ ತೊಡಕು ಶುರುವಾದದ್ದೂ ಇಲ್ಲಿಯೇ.

ಗುತ್ತಿಗೆದಾರ 10,000 ಯೂರೋ ಕೆಲಸಕ್ಕೆ 12,000 ಕೇಳಿದನೆನ್ನಿ. ಮನೆಯೊಡೆಯರ ಪಾಲು 1,000ದಿಂದ 1,200ಕ್ಕೆ ಏರುತ್ತದೆ, ಅಷ್ಟೇ. 200 ಯೂರೋಗಾಗಿ ಯಾರು ಚೌಕಾಸಿ ಮಾಡಿಯಾರು? ಉಳಿದ 1,800 ಯೂರೋ ಹೊರೆ ಸರ್ಕಾರದ ಬೊಕ್ಕಸದ ಮೇಲೆ. 'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದನ್ನು ಕಂಡೇ ಇರಬೇಕು! ಆಗ ಇಟಲಿಯಲ್ಲಿ ಮಾಮೂಲು ಮನೆ ದುರಸ್ತಿಗೆ ಸಿಗುತ್ತಿದ್ದ ರಿಯಾಯಿತಿ ಶೇಕಡಾ 50. ಅದಕ್ಕೂ 96,000 ಯೂರೋ ಖರ್ಚಿನ ಮಿತಿ ಇತ್ತು. ಹೊರಮುಖದ ಯೋಜನೆಗೆ ಯಾವ ಮಿತಿಯೂ ಇರಲಿಲ್ಲ.

ಕೈಯಿಂದ ಕೈಗೆ ದಾಟುವ ಹಕ್ಕು ಹಣದಂತೆಯೇ ಆಯಿತು. ಮಾಡದ ಕೆಲಸಕ್ಕೂ ರಸೀದಿಗಳು ಹುಟ್ಟಿಕೊಂಡವು. 2021ರ ನವೆಂಬರಿನಲ್ಲಿ ಸರ್ಕಾರ ಎಚ್ಚೆತ್ತು, ಬೆಲೆ ನ್ಯಾಯವಾಗಿದೆಯೆಂದು ಪರಿಣತರ ಪ್ರಮಾಣಪತ್ರ ಬೇಕೆಂದು ಕಡ್ಡಾಯ ಮಾಡಿತು. 2022ರ ಫೆಬ್ರವರಿಯಲ್ಲಿ ತೆರಿಗೆ ಇಲಾಖೆಯ ಮುಖ್ಯಸ್ಥರು ಸಂಸತ್ತಿನ ಮುಂದೆ ಲೆಕ್ಕ ಇಟ್ಟರು. ಇಂಥ ಬಗೆಬಗೆಯ ರಿಯಾಯಿತಿಗಳಲ್ಲಿ ಪತ್ತೆಯಾದ ವಂಚನೆ ಸುಮಾರು 440 ಕೋಟಿ ಯೂರೋ. ಅದರಲ್ಲಿ ಅರ್ಧಕ್ಕೆ ಸಮೀಪದ ಪಾಲು ಹೊರಮುಖದ ಯೋಜನೆಯದೇ! ಆ ವರ್ಷ ರಿಯಾಯಿತಿಯನ್ನು ಶೇಕಡಾ 60ಕ್ಕೆ ಇಳಿಸಲಾಯಿತು. ವರ್ಷದ ಕೊನೆಗೆ ಯೋಜನೆಯೇ ಮುಗಿಯಿತು. ಎಷ್ಟೋ ಕಟ್ಟಡಗಳು ನಿಜವಾಗಿಯೂ ಹೊಸ ಕಳೆ ಪಡೆದವು ಎಂಬುದನ್ನೂ ಮರೆಯಬಾರದು. ಆದರೆ ಹತ್ತು ಕಂತುಗಳ ಭಾರವನ್ನು ಅಲ್ಲಿನ ಬೊಕ್ಕಸ ವರ್ಷ ವರ್ಷವೂ ಹೊರಬೇಕಾಗಿದೆ.

ನಮ್ಮ ದೇಶದ ಒಂದು ಪದ್ಧತಿಯನ್ನು ಇದರೊಡನೆ ಹೋಲಿಸಿ ನೋಡಿ. ಮನೆ ಬಾಡಿಗೆಯ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ, ಸ್ಥಳೀಯ ಸಂಸ್ಥೆಗೆ ಕಟ್ಟಿದ ತೆರಿಗೆ ಹೋಗಿ ಉಳಿದ ಬಾಡಿಗೆಯಲ್ಲಿ ಶೇಕಡಾ 30ರಷ್ಟನ್ನು ಕಳೆಯಲು ಅವಕಾಶವಿದೆ. ರಸೀದಿ ಕೇಳುವುದಿಲ್ಲ. ಬಣ್ಣ ಬಳಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇಲ್ಲಿ ಸುಳ್ಳು ರಸೀದಿಗೆ ಎಡೆಯಿಲ್ಲ. ಆದರೆ ಮನೆಯನ್ನು ಚೆನ್ನಾಗಿಡಲು ಪ್ರೇರಣೆಯೂ ಇಲ್ಲ.

ಈ ಎರಡರ ನಡುವೆ ದಾರಿಯಿಲ್ಲವೆ? ಇದೆ. ಬೀದಿಯ ಅಂದಕ್ಕೆ ಸರ್ಕಾರ ಪಾಲು ಕೊಡಲಿ. ಆದರೆ ಮನೆಯೊಡೆಯರು ಬೆಲೆ ವಿಚಾರಿಸುವಷ್ಟಾದರೂ ಅವರ ಜೇಬಿನಿಂದಲೂ ಹೋಗಬೇಕು. ತಪಾಸಣೆ ಹಣ ಹೋದ ಮೇಲಲ್ಲ, ಮೊದಲೇ ಆಗಬೇಕು. ಏಕೆಂದರೆ ರಿಯಾಯಿತಿ ಎಂಬುದು ಆಕಾಶದಿಂದ ಉದುರುವುದಿಲ್ಲ. ಒಬ್ಬರು ಕಟ್ಟದೆ ಬಿಟ್ಟ ತೆರಿಗೆಯನ್ನು ಮತ್ತೊಬ್ಬರು ಇಂದೋ ನಾಳೆಯೋ ಕಟ್ಟಲೇಬೇಕು. ಆ ನಾಳೆಯ ತೆರಿಗೆದಾರರು ಬೇರೆ ಯಾರೂ ಅಲ್ಲ, ನೀವೇ. ನಿಮ್ಮ ಊರಿನ ಹಳೆಯ ಬೀದಿಯೊಂದಕ್ಕೆ ಇಂಥ ಯೋಜನೆ ಬಂದರೆ ಸರ್ಕಾರದ ಪಾಲು ಎಷ್ಟಿರಬೇಕು? ತರಗತಿಯಲ್ಲಿ ಚರ್ಚಿಸಿ ನೋಡಿ.