ಗುಜರಿಗೆ ಹಾಕುವ ಮುನ್ನ ಮಗುಚಿ ನೋಡಿ

ಹಳೇ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಕೂಡಿಹಾಕುವವರಲ್ಲಿ ಒಂದು ಪಂಗಡವಿದೆ. ಬೇರೆ ಬೇರೆ ಯಂತ್ರಗಳು ಅವರಿಗೆ ಬೇಡ, ಒಂದೇ ಯಂತ್ರ ಯಾವ್ಯಾವ ದೇಶದಲ್ಲಿ ಯಾವ್ಯಾವ ವೇಷದಲ್ಲಿ ಮಾರಾಟವಾಯಿತೋ ಅಷ್ಟೂ ಬೇಕು. ಜಪಾನಿನ ಬಿಳಿ-ಕಡುಗೆಂಪು ಡಬ್ಬಿ, ಅಮೆರಿಕದ ಬೂದು ಪೆಟ್ಟಿಗೆ, ಕೊರಿಯಾದಲ್ಲಿ ಹ್ಯುಂಡೈ ಹೆಸರಿನಲ್ಲಿ ಬಂದದ್ದು, ಹೀಗೆ. ಈ ಹುಚ್ಚು ಹತ್ತಿದ ನಮ್ಮ ಕಡೆಯ ಹುಡುಗರು ಕಣ್ಣು ನೆಡುವುದು ಟೋಕಿಯೋದ ಮೇಲೆ. ವಿಟ್ಲದ ಸುತ್ತಿನ ಕನ್ಯಾನ, ಸಾಲೆತ್ತೂರು, ಅಳಿಕೆ, ಪುಣಚದ ಮನೆಗಳ ಅಟ್ಟದಲ್ಲಿ ಇರುವುದನ್ನು ಮಾತ್ರ ಗುಜರಿಯವರು ಕಿಲೋ ಲೆಕ್ಕದಲ್ಲಿ ಒಯ್ಯುತ್ತಿದ್ದಾರೆ. ಇದಕ್ಕೆ ಕಾರಣ ಕೆಲವು ಗಟ್ಟಿಯಾಗಿ ಕೂತ ತಪ್ಪು ತಿಳಿವಳಿಕೆಗಳು.

ತಪ್ಪು ಕಲ್ಪನೆ: “ನಮ್ಮ ಮನೆಯಲ್ಲಿದ್ದದ್ದು ನಿಂಟೆಂಡೊ.”

ಹೆಚ್ಚುಕಮ್ಮಿ ಯಾರ ಮನೆಯಲ್ಲೂ ನಿಂಟೆಂಡೊ ಇರಲಿಲ್ಲ. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ಫ್ಯಾಮಿಕಾಮ್ ಬಿಟ್ಟಿತು, ಬೆಲೆ 14,800 ಯೆನ್. 1985ರಲ್ಲಿ ಅದೇ ಯಂತ್ರ ಬೂದು ಬಣ್ಣದ ದೊಡ್ಡ ಪೆಟ್ಟಿಗೆಯಾಗಿ, ಎನ್‌ಇಎಸ್ ಎಂಬ ಹೆಸರಿನಲ್ಲಿ ನ್ಯೂಯಾರ್ಕಿಗೆ ಹೋಯಿತು. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಅದರ ನಕಲುಗಳು ರಾಶಿ ರಾಶಿ ತಯಾರಾದವು. ನಮ್ಮಲ್ಲಿ ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಎಂದೆಲ್ಲ ಹೆಸರು ಹೊತ್ತು ಬಂದದ್ದು ಈ ನಕಲಿನ ಸಂತಾನವೇ.

ಗುರುತಿಸುವುದು ಕಷ್ಟವಲ್ಲ. ಮೊದಲನೆಯ ಮಾದರಿಯ ಅಸಲಿ ಫ್ಯಾಮಿಕಾಮಿನ ಎರಡೂ ರಿಮೋಟುಗಳು ಪೆಟ್ಟಿಗೆಗೇ ಅಂಟಿಕೊಂಡಿರುತ್ತವೆ, ಕಳಚಲು ಬರುವುದಿಲ್ಲ. ಎರಡನೇ ರಿಮೋಟಿನಲ್ಲಿ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳ ಬದಲು ಪುಟ್ಟ ಮೈಕ್ ಇರುತ್ತದೆ. ನಮ್ಮ ಕಡೆ ಬಂದವುಗಳಲ್ಲಿ ಸಾಮಾನ್ಯವಾಗಿ ರಿಮೋಟನ್ನು ಕಿತ್ತು ಸಿಕ್ಕಿಸಬಹುದು, ಗುಂಡಿ ಒತ್ತಿ ಹಿಡಿದರೆ ಪಟಪಟ ಗುಂಡು ಹಾರಿಸುವ ‘ಟರ್ಬೊ’ ಕೂಡ ಇರುತ್ತದೆ. ನಾವೆಲ್ಲ ‘ಕ್ಯಾಸೆಟ್’ ಎಂದು ಕರೆದ ಆಟದ ಡಬ್ಬಿಯ ತಳ ನೋಡಿ. ಜಪಾನಿನ ಮಾದರಿಗೆ 60 ಪಿನ್ನು, ಅಮೆರಿಕ-ಯುರೋಪಿನದಕ್ಕೆ 72. ನಮ್ಮದು 60. ಹಾಗಾಗಿ ಪುಣಚದ ಅಟ್ಟದ ಕ್ಯಾಸೆಟ್ಟು ಟೋಕಿಯೋದ ಯಂತ್ರದಲ್ಲಿ ಸಲೀಸಾಗಿ ಕೂರುತ್ತದೆ, ನ್ಯೂಯಾರ್ಕಿನದರಲ್ಲಿ ಕೂರುವುದಿಲ್ಲ.

ತಪ್ಪು ಕಲ್ಪನೆ: “ಡೂಪ್ಲಿಕೇಟ್ ಅಲ್ವಾ, ಅದಕ್ಕೆಂತ ಬೆಲೆ?”

ಈ ಮಾತಿನ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ರಷ್ಯಾದಲ್ಲಿ 1992ರಲ್ಲಿ ಬಂದ ‘ಡೆಂಡಿ’ ಫ್ಯಾಮಿಕಾಮಿನ ನಕಲು. ಪೋಲೆಂಡಿನ ‘ಪೆಗಾಸಸ್’ ಕೂಡ ನಕಲೇ. ಆ ದೇಶಗಳ ಒಂದು ಇಡೀ ತಲೆಮಾರಿಗೆ ವಿಡಿಯೋ ಗೇಮ್ ಎಂದರೆ ಅವೇ. ಇಂದು ಅವುಗಳನ್ನು ಆಯಾ ದೇಶದ ಅವತರಣಿಕೆ ಎಂದೇ ಸಂಗ್ರಾಹಕರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ನಮ್ಮ ಪೆಟ್ಟಿಗೆಗೆ ಮಾತ್ರ ಆ ಮರ್ಯಾದೆ ಇಲ್ಲ, ಅದೂ ನಮ್ಮವರಿಂದಲೇ.

ಯಂತ್ರದ ಒಳಗೇ ಸಾಕ್ಷಿ ಇದೆ. ಮುಚ್ಚಳದ ಸ್ಕ್ರೂ ತೆಗೆದು, ಬೋರ್ಡಿನ ಮೇಲಿರುವ ಬೆಳ್ಳಿ ಬಣ್ಣದ ಕ್ರಿಸ್ಟಲ್ ಮೇಲೆ ಕೊರೆದ ಅಂಕಿ ಓದಿ. 21.47 ಎಂದಿದ್ದರೆ ಅದು ಜಪಾನ್-ಅಮೆರಿಕದ ಎನ್‌ಟಿಎಸ್‌ಸಿ ಟಿವಿಗೆ ಮಾಡಿದ್ದು. 26.60 ಎಂದಿದ್ದರೆ ಪಾಲ್ ಟಿವಿಗೆ, ಅಂದರೆ ನಮ್ಮದಕ್ಕೆ. ಪಕ್ಕದ ಚಿಪ್ಪುಗಳ ಮೇಲೆ ಯುಎ6527ಪಿ, ಯುಎ6538 ಎಂದಿದ್ದರೆ ಅವು ತೈವಾನಿನ ಯುಎಂಸಿ ಕಂಪನಿಯವು. ಚಿಪ್ಪೇ ಕಾಣದೆ ಕಪ್ಪು ಅಂಟಿನ ಗುಳ್ಳೆ ಮಾತ್ರ ಇದ್ದರೆ ನಂತರದ, ಇನ್ನೂ ಅಗ್ಗದ ತಯಾರಿ.

ಈ ಯುಎಂಸಿ ಜೋಡಿಯ ಚಾಲಾಕಿ ನೋಡಿ. ನಿಂಟೆಂಡೊ ಯುರೋಪಿಗೆ ಪಾಲ್ ಯಂತ್ರ ಮಾಡಿದಾಗ ಅದರ ಪ್ರೊಸೆಸರ್ 1.79 ಮೆಗಾಹರ್ಟ್ಸ್‌ನಿಂದ 1.66ಕ್ಕೆ ಇಳಿಯಿತು. ಜೊತೆಗೆ ಪರದೆ ಸೆಕೆಂಡಿಗೆ 60ರ ಬದಲು 50 ಸಲ ಬದಲಾಗುವುದರಿಂದ ಆಟ ಆರನೇ ಒಂದು ಪಾಲು ನಿಧಾನ. ಎಂದರೆ ಓಟವೂ ಕುಂಟು, ಹಾಡಿನ ಶ್ರುತಿಯೂ ತಗ್ಗು. ತೈವಾನಿನವರು ಅದೇ ಪಾಲ್ ಕ್ರಿಸ್ಟಲ್ ಇಟ್ಟುಕೊಂಡು ಪ್ರೊಸೆಸರನ್ನು 1.77ರಲ್ಲಿ ಓಡಿಸಿದರು. ಲಯ ನಿಧಾನವಾದರೂ ಶ್ರುತಿ ಜಪಾನಿನದಕ್ಕೆ ಹತ್ತಿರವೇ ಉಳಿಯಿತು. ಲಂಡನ್ನಿನ ಹುಡುಗ ದುಡ್ಡು ಕೊಟ್ಟು ತಂದ ಅಸಲಿಗಿಂತ ನಮ್ಮ ನಕಲು ಶ್ರುತಿಬದ್ಧವಾಗಿ ಹಾಡುತ್ತಿತ್ತು.

‘ಕಾಂಟ್ರಾ’ ಆಟವನ್ನೂ ನೆನಪಿಸಿಕೊಳ್ಳಿ. ಯುರೋಪಿನ ಪಾಲ್ ಆವೃತ್ತಿಯಲ್ಲಿ ಅದರ ಹೆಸರು ‘ಪ್ರೊಬೊಟೆಕ್ಟರ್’. ಜರ್ಮನಿಯ ಕಟ್ಟುನಿಟ್ಟಿಗೆ ಹೆದರಿ ಮನುಷ್ಯರನ್ನೆಲ್ಲ ರೋಬೋಟ್ ಮಾಡಿದ್ದರು. ನಮ್ಮ ಪೆಟ್ಟಿಗೆಯೂ ಪಾಲ್, ಆದರೆ ನಾವು ಆಡಿಸಿದ್ದು ಅಂಗಿ ಇಲ್ಲದ ಇಬ್ಬರು ಸೈನಿಕರನ್ನು. ಪಾಲ್ ಪರದೆಯ ಮೇಲೆ ಮನುಷ್ಯರ ಕಾಂಟ್ರಾ, ಜಪಾನಿನ ಪಿನ್ನು, ತೈವಾನಿನ ಚಿಪ್ಪು: ಇಂಥ ಕೂಡಿಕೆಯನ್ನು ನಿಂಟೆಂಡೊ ಯಾವ ದೇಶದಲ್ಲೂ ಮಾರಲಿಲ್ಲ. ಇದನ್ನು ಬೇರೆಯೇ ಒಂದು ಪ್ರಾದೇಶಿಕ ಅವತರಣಿಕೆ ಎನ್ನದೆ ಇನ್ನೇನು ಅನ್ನಬೇಕು?

ತಪ್ಪು ಕಲ್ಪನೆ: “ಜಪಾನಿನಿಂದ ತರಿಸಿದರೆ ಆಯಿತು, ಪ್ಲಗ್ ಹಾಕಿ ಆಡುವುದೇ.”

ಪ್ಲಗ್ ಹಾಕಿದ ಕೂಡಲೇ ಹೊಗೆ ಬಂದೀತು. ಜಪಾನಿನ ಗೋಡೆಯಲ್ಲಿ 100 ವೋಲ್ಟ್, ನಮ್ಮಲ್ಲಿ 230. ಫ್ಯಾಮಿಕಾಮಿನ ಎಲಿಮಿನೇಟರ್ ಒಳಗಿರುವುದು ಸಾದಾ ಟ್ರಾನ್ಸ್‌ಫಾರ್ಮರ್, ಈಗಿನ ಮೊಬೈಲ್ ಚಾರ್ಜರಿನ ಹಾಗೆ ಎಲ್ಲ ವೋಲ್ಟೇಜಿಗೂ ಹೊಂದಿಕೊಳ್ಳುವ ಜಾಣತನ ಅದಕ್ಕಿಲ್ಲ. ಅದನ್ನು ಬದಿಗಿಟ್ಟು ಇಲ್ಲಿನದೇ ಎಲಿಮಿನೇಟರ್ ಕೊಡಬಹುದು. ಆದರೆ ಬೇಕಾದದ್ದು ಡಿ.ಸಿ., ಸುಮಾರು 10 ವೋಲ್ಟ್, 850 ಮಿಲಿಆಂಪಿಯರ್, ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಇದರ ತಿರುಗಾಮುರುಗ. ಅಮೆರಿಕದ ಎನ್‌ಇಎಸ್ ಜೊತೆ ಬರುವ ಎಲಿಮಿನೇಟರ್ ಇನ್ನೂ ಅಪಾಯ. ಅದು ಕೊಡುವುದು 9 ವೋಲ್ಟ್ ಎ.ಸಿ. ಪಿನ್ನು ಸರಿಯಾಗಿ ಕೂರುತ್ತದೆ, ಫ್ಯಾಮಿಕಾಮ್ ಸುಡುತ್ತದೆ.

ಕರೆಂಟಿನ ಕಂಟಕ ದಾಟಿದರೆ ಟಿವಿಯದ್ದು ಎದುರಾಗುತ್ತದೆ. ಹಳೇ ಫ್ಯಾಮಿಕಾಮಿಗೆ ಹಳದಿ-ಬಿಳಿ ವೈರಿನ ಎವಿ ಕಿಂಡಿ ಇಲ್ಲ. ಅದು ಆಂಟೆನಾ ಕಿಂಡಿಯ ಮೂಲಕವೇ ಚಿತ್ರ ಕಳಿಸುವುದು, ಜಪಾನಿನ ಒಂದನೇ ಅಥವಾ ಎರಡನೇ ಚಾನೆಲ್ಲಿನಲ್ಲಿ. ಆ ಚಾನೆಲ್ಲುಗಳು ಇರುವುದು 91 ಮತ್ತು 97 ಮೆಗಾಹರ್ಟ್ಸ್ ಬಳಿ, ನಾವು ಎಫ್‌ಎಂ ರೇಡಿಯೋ ಕೇಳುವ ಜಾಗ. ನಮ್ಮ ಹಳೆಯ ಟಿವಿ ಅಲ್ಲಿಗೆ ಟ್ಯೂನೇ ಆಗುವುದಿಲ್ಲ. ಹೇಗೋ ಹಿಡಿದರೂ ಬಣ್ಣದ ಸಂಕೇತ ನಮಗೆ 4.43 ಮೆಗಾಹರ್ಟ್ಸ್, ಅವರಿಗೆ 3.58. ಶಬ್ದಕ್ಕೆ ನಮಗೆ 5.5, ಅವರಿಗೆ 4.5. ಫಲ: ಕಪ್ಪು-ಬಿಳುಪಾಗಿ ಮೇಲಿಂದ ಕೆಳಗೆ ಉರುಳುವ ಮೂಕಿ ಚಿತ್ರ.

ಉಪಾಯ ಇಲ್ಲದಿಲ್ಲ. 1993ರ ಕೊನೆಗೆ ಬಂದ ಎವಿ ಫ್ಯಾಮಿಕಾಮ್ ತರಿಸಿಕೊಳ್ಳಿ, ಅಥವಾ ಕೈ ಪಳಗಿದ ಟಿವಿ ರಿಪೇರಿಯವರಿಂದ ಹಳೆಯದಕ್ಕೆ ಎವಿ ವೈರ್ ಎಳೆಸಿ. ಟಿವಿ ಹಿಂಭಾಗದಲ್ಲಿ ‘ಮಲ್ಟಿ ಸಿಸ್ಟಮ್’ ಎಂದು ಬರೆದಿದ್ದರೆ ಬಣ್ಣವೂ ಬರುತ್ತದೆ. ಗಲ್ಫಿನಿಂದ ಬಂದ ಹಳೇ ಟಿವಿಗಳಲ್ಲಿ ಈ ಬರಹ ಮಾಮೂಲು.

ತಪ್ಪು ಕಲ್ಪನೆ: “ಗಲ್ಫ್ ಮಾಲು, ಹಾಗಾಗಿ ಒರಿಜಿನಲ್.”

2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ನಮ್ಮ ಕಾಕಂದಿರು, ಮಾವಂದಿರು ಬೊಂಬಾಯಿಯಲ್ಲೋ ಕರಿಪುರದಲ್ಲೋ ಇಳಿದು, ಬಸ್ಸಿನಲ್ಲಿ ರಾತ್ರಿ ಕಳೆದು ಊರಿಗೆ ಬರುತ್ತಿದ್ದರು. ಹಗ್ಗ ಬಿಗಿದ ಆ ರಟ್ಟಿನ ಪೆಟ್ಟಿಗೆಯಲ್ಲಿ ಕಂಬಳಿ, ಟಾರ್ಚು, ಟೂ-ಇನ್-ವನ್ ಜೊತೆ ವಿಡಿಯೋ ಗೇಮೂ ಇರುತ್ತಿತ್ತು. ದುಬೈ ಆಗಲೂ ಈಗಲೂ ಎಲ್ಲೋ ತಯಾರಾದದ್ದನ್ನು ಇನ್ನೆಲ್ಲಿಗೋ ದಾಟಿಸುವ ಪೇಟೆ. ತೈವಾನಿನ ನಕಲು ಅಲ್ಲೂ ಬೇಕಾದಷ್ಟು ಸಿಗುತ್ತಿತ್ತು. ದುಬೈಯಲ್ಲಿ ಕೊಂಡದ್ದೆಂಬ ಮಾತ್ರಕ್ಕೆ ಅಸಲಿ ಆಗುವುದಿಲ್ಲ ಮಾರಾಯ್ರೆ.

ಆದರೆ ಗಲ್ಫ್ ಪೆಟ್ಟಿಗೆಗಳು ಇಲ್ಲಿ ತಕರಾರಿಲ್ಲದೆ ಓಡಿದ್ದು ಅದೃಷ್ಟದಿಂದಲ್ಲ. ಯುಎಇ, ಕತಾರ್, ಒಮಾನ್, ಬಹ್ರೈನ್‌ಗಳಲ್ಲಿ ಟಿವಿ ಪದ್ಧತಿ ನಮ್ಮದೇ ಪಾಲ್-ಬಿ, ಕರೆಂಟೂ ನಮ್ಮ ಹಾಗೆ 50 ಹರ್ಟ್ಸ್, 220-240 ವೋಲ್ಟ್. ವ್ಯತ್ಯಾಸ ಪ್ಲಗ್ಗಿನಲ್ಲಿ ಮಾತ್ರ: ಅಲ್ಲಿಯದು ಚಪ್ಪಟೆ ಕಾಲಿನ ಮೂರು ಪಿನ್ನು. ಎಲಿಮಿನೇಟರಿಗೆ ಅಂಥ ಪ್ಲಗ್ ಇದ್ದು, ಅದಕ್ಕೊಂದು ಬಿಳಿ ಕನ್ವರ್ಟರ್ ಚುಚ್ಚಿದ್ದರೆ ಪೆಟ್ಟಿಗೆ ಹೆಚ್ಚಾಗಿ ಆ ಕಡೆಯದೇ. ದಯವಿಟ್ಟು ಆ ಪ್ಲಗ್ ಕತ್ತರಿಸಬೇಡಿ, ಅದೇ ಅದರ ಪಾಸ್‌ಪೋರ್ಟ್. ಸೌದಿಯಿಂದ ಬಂದದ್ದಾದರೆ ಎಚ್ಚರ ಬೇಕು. ಅಲ್ಲಿ ಆಗ 127 ವೋಲ್ಟಿನ ಸಂಪರ್ಕವೂ ಇತ್ತು, ಎಲಿಮಿನೇಟರ್ ಅದಕ್ಕೆ ಮಾಡಿದ್ದಿರಬಹುದು. ಹಾಂಗ್‌ಕಾಂಗ್ ಪೇಟೆಗೆ ಮಾಡಿದ ಪೆಟ್ಟಿಗೆ ಕೈಗೆ ಬಂದರೆ ಇನ್ನೊಂದು ತಮಾಷೆ: ಚಿತ್ರ ಚೆನ್ನಾಗಿ ಬರುತ್ತದೆ, ಶಬ್ದ ಬರುವುದಿಲ್ಲ. ಅಲ್ಲಿಯದು ಪಾಲ್-ಐ, ಶಬ್ದದ ಅಂತರ 6 ಮೆಗಾಹರ್ಟ್ಸ್. ಯಂತ್ರ ಕೆಟ್ಟಿದೆ ಎಂದು ಅದನ್ನು ಮೂಲೆಗೆ ಹಾಕಬೇಡಿ, ಎವಿ ವೈರ್ ಹಾಕಿ ನೋಡಿ.

ತಪ್ಪು ಕಲ್ಪನೆ: “ಒಂದೇ ಕ್ಯಾಸೆಟ್ಟಿನಲ್ಲಿ 9999999 ಆಟ.”

ದಿನಕ್ಕೊಂದು ಆಡಿದರೂ 27 ಸಾವಿರ ವರ್ಷ ಬೇಕು. ಇರುವುದು ಬೆರಳೆಣಿಕೆಯ ಆಟಗಳು. ಅವನ್ನೇ ಬೇರೆ ಬೇರೆ ಹಂತದಿಂದ ಶುರುವಾಗುವಂತೆ ಮಾಡಿ, ಪಟ್ಟಿಯಲ್ಲಿ ಹೊಸ ಹೊಸ ಹೆಸರು ಕೊಟ್ಟಿರುತ್ತಾರೆ. ಮೋಸವೇ ಸರಿ, ಆದರೆ ಕ್ಯಾಸೆಟ್ಟಿನ ಮೇಲೆ ಅಂಟಿಸಿದ ಚೀಟಿಯ ಚಿತ್ರ, ತಪ್ಪು ಕಾಗುಣಿತ ಎಲ್ಲವೂ ಸಂಗ್ರಾಹಕನಿಗೆ ಬೇಕಾದದ್ದೇ.

ತಪ್ಪು ಕಲ್ಪನೆ: “ಓಡದಿದ್ದರೆ ಊದಿದರೆ ಸಾಕು.”

ಊದಿದಾಗ ಓಡಿದ್ದು ಉಸಿರಿನ ಮಹಿಮೆಯಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಪಿನ್ನುಗಳು ತಾಗಿದ್ದು. ಉಸಿರಿನ ತೇವ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಊರಿನಲ್ಲಿ ತೇವಕ್ಕೆ ಬರವಿಲ್ಲ, ನಾವೂ ಊದಿ ಸೇರಿಸಬೇಕಾಗಿಲ್ಲ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಬಳಸುವ ಐಪಿಎ ದ್ರಾವಣವನ್ನು ಹತ್ತಿಕಡ್ಡಿಗೆ ಅದ್ದಿ ಪಿನ್ನು ಒರೆಸಿ. ಹತ್ತಿ ಕರ್ರಗಾಗುವುದು ನಿಲ್ಲುವವರೆಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆಟಿಯ ತಿಂಗಳಲ್ಲಿ ಅಟ್ಟದಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಇಟ್ಟರೆ ಮಳೆಗಾಲ ದಾಟುತ್ತದೆ.

ತಪ್ಪು ಕಲ್ಪನೆ: “ಬಾತುಕೋಳಿಗೆ ಹೊಡೆಯುವ ಗನ್ನು ಕೆಟ್ಟಿದೆ.”

ಗನ್ನು ಸರಿ ಇದ್ದೀತು. ಅದು ಪಿಕ್ಚರ್ ಟ್ಯೂಬಿನ ಬೆಳಕಿನ ಗತಿಯನ್ನು ನಂಬಿ ಮಾಡಿದ್ದು, ಎಲ್‌ಇಡಿ ಟಿವಿಯಲ್ಲಿ ನಡೆಯುವುದಿಲ್ಲ. ಟ್ಯೂಬಿನ ಟಿವಿಯನ್ನೂ ಗುಜರಿಗೆ ಹಾಕುವ ಮುನ್ನ ಯೋಚಿಸಿ.

ತಪ್ಪು ಕಲ್ಪನೆ: “ಭಾರತಕ್ಕೆಂದು ಯಾವ ಕಂಪನಿಯೂ ಏನೂ ಮಾಡಲಿಲ್ಲ.”

1990ರ ದಶಕದ ನಡುವೆ ಸೆಗಾ ಕಂಪನಿಯ ಯಂತ್ರಗಳನ್ನು ಇಲ್ಲಿ ಅಧಿಕೃತವಾಗಿ ಮಾರಿದ್ದು ಶಾ ವ್ಯಾಲೇಸ್. ಹೌದು, ಅದೇ ಮದ್ಯದ ಕಂಪನಿ. ಬೆಲೆ ಮಧ್ಯಮ ವರ್ಗಕ್ಕೆ ಎಟುಕದ್ದರಿಂದ ಹೆಚ್ಚು ಹೋಗಲಿಲ್ಲ. ಶಾ ವ್ಯಾಲೇಸ್ ಚೀಟಿ ಅಂಟಿಸಿದ ಸೆಗಾ ಮೆಗಾ ಡ್ರೈವ್ ಪೆಟ್ಟಿಗೆ ಸಮೇತ ಸಿಕ್ಕಿದರೆ ಬಿಡಬೇಡಿ.

ಪ್ಲೇಸ್ಟೇಷನ್ 2 ವಿಷಯದಲ್ಲಂತೂ ನಮ್ಮದೇ ಆಟಗಳಿವೆ. ಹೈದರಾಬಾದಿನಲ್ಲಿ ತಯಾರಾದ ‘ಹನುಮಾನ್: ಬಾಯ್ ವಾರಿಯರ್’ 2009ರದ್ದು. ಅದೇ ವರ್ಷ ಬಂದ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿ, ಗಾಳಿಪಟ, ಚಿನ್ನಿದಾಂಡು ಇದ್ದವು, ಅಂದರೆ ನಮ್ಮ ಕುಟ್ಟಿದೊಣ್ಣೆ ಟಿವಿ ಪರದೆಗೆ ಹತ್ತಿತ್ತು. ಆಟದ ಗುಣ ನನ್ನ ಮಟ್ಟಿಗೆ ಅಷ್ಟಕ್ಕಷ್ಟೆ, ಆದರೆ ಸಂಗ್ರಹಕ್ಕೆ ಗುಣ ಒಂದೇ ಅಳತೆಯಲ್ಲ. ದುಬೈಯಲ್ಲಿ ಕೊಂಡ ಪಿಎಸ್2 ಈ ಆಟಗಳನ್ನು ಓಡಿಸುತ್ತದೆ, ಯಾಕೆಂದರೆ ಎರಡೂ ಪಾಲ್. ಸಿನಿಮಾ ಡಿವಿಡಿ ಮಾತ್ರ ಕೆಲವೊಮ್ಮೆ ಮುನಿಸಿಕೊಳ್ಳುತ್ತದೆ: ಡಿವಿಡಿ ಲೆಕ್ಕದಲ್ಲಿ ಗಲ್ಫ್ 2ನೇ ವಲಯ, ಭಾರತ 5ನೇ ವಲಯ.

ತಪ್ಪು ಕಲ್ಪನೆ: “ಸಂಗ್ರಹವೆಲ್ಲ ದುಡ್ಡಿದ್ದವರ ಆಟ.”

ಜಪಾನಿನ ಫ್ಯಾಮಿಕಾಮ್ ದುಡ್ಡು ಕೊಟ್ಟರೆ ಇವತ್ತೂ ಸಿಗುತ್ತದೆ, ಅದು ಲಕ್ಷಗಟ್ಟಲೆ ತಯಾರಾದದ್ದು, ಅದರ ಚರಿತ್ರೆ ಪುಸ್ತಕಗಳಲ್ಲಿದೆ. ವಿಟ್ಲದ ಪೆಟ್ಟಿಗೆಯ ಚರಿತ್ರೆ ಎಲ್ಲೂ ಬರೆದಿಲ್ಲ, ತಂದವರ ತಲೆಯಲ್ಲಿ ಮಾತ್ರ ಇದೆ, ಅವರಿಗೆ ಈಗ ಎಪ್ಪತ್ತು ದಾಟುತ್ತಿದೆ. ನಿಮ್ಮ ಮನೆಯಲ್ಲಿ ಒಂದಿದ್ದರೆ ಇಷ್ಟು ಮಾಡಿ. ಮಗುಚಿ ತಳದ ಚೀಟಿಯ ಫೋಟೋ ತೆಗೆಯಿರಿ. ಯಾರು, ಯಾವ ವರ್ಷ, ಯಾವ ಊರಿನ ಅಂಗಡಿಯಿಂದ ತಂದದ್ದೆಂದು ಅವರನ್ನೇ ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗೆ ಹಾಕಿ. ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್, ಬಿಲ್ಲು ಉಳಿದಿದ್ದರೆ ಬಿಸಾಡಬೇಡಿ. ಮೀಟರ್ ಹಿಡಿದು ನೋಡದೆ ಎಲಿಮಿನೇಟರ್ ಮಾತ್ರ ಸಿಕ್ಕಿಸಲೇಬೇಡಿ.