ಅಕ್ಷರಕ್ಕೊಂದು ಅಳತೆಗೋಲು: ಕೆ.ಪಿ. ರಾವ್ ಅವರ ಸಾಧನೆ

ಮಂಡ್ಯದ ಮಾರುಕಟ್ಟೆಗೆ ಬರುವ ಬೆಲ್ಲದಲ್ಲಿ ಅಚ್ಚು, ಬಕೆಟ್, ಕುರಿಕಾಲಚ್ಚು ಎಂದು ಹಲವು ಬಗೆಗಳಿವೆ. ಆಕಾರ ಯಾವುದೇ ಇರಲಿ, ತೂಕ ಮಾತ್ರ ಕಿಲೋಗ್ರಾಮಿನಲ್ಲಿಯೇ. ಊರಿಗೊಂದು ಮಣ, ಪೇಟೆಗೊಂದು ಸೇರು ಇದ್ದ ಕಾಲವನ್ನು ನಮ್ಮ ಹಿರಿಯ ವರ್ತಕರು ಕಂಡಿದ್ದರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಬಳಿಕ ಆ ಗೊಂದಲ ಕ್ರಮೇಣ ನಿವಾರಣೆಯಾಯಿತು. ವ್ಯಾಪಾರಕ್ಕೆ ಏಕರೂಪದ ಅಳತೆ ಎಷ್ಟು ಅಗತ್ಯವೆಂಬುದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಣಕಯಂತ್ರದಲ್ಲಿ ಕನ್ನಡ ಅಕ್ಷರಗಳಿಗೂ ಇಂಥದೇ ಅಳತೆಯೊಂದು ಬೇಕಾಗಿತ್ತು. ಅದನ್ನು ರೂಪಿಸಿದವರಲ್ಲಿ ಮೊದಲ ಸಾಲಿನವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾಡಿಗೆ ಪರಿಚಿತರಾದ ಕೆ.ಪಿ. ರಾವ್.

1990ರ ದಶಕದಲ್ಲಿ ಕನ್ನಡ ತಂತ್ರಾಂಶ ತಯಾರಿಸಿದ ಪ್ರತಿಯೊಂದು ಸಂಸ್ಥೆಯೂ ತನ್ನದೇ ಅಕ್ಷರಶೈಲಿ, ತನ್ನದೇ ಸಂಕೇತ ಹಾಗೂ ತನ್ನದೇ ಕೀಲಿಮಣೆಯನ್ನು ಅಳವಡಿಸುತ್ತಿತ್ತು. ಮಂಡ್ಯದ ಅಂಗಡಿಯಲ್ಲಿ ಸಿದ್ಧಪಡಿಸಿದ ದರಪಟ್ಟಿಯನ್ನು ಮಳವಳ್ಳಿಯ ಮುದ್ರಣಾಲಯದಲ್ಲಿ ತೆರೆಯಬೇಕಾದರೆ ಅಲ್ಲಿಯೂ ಅದೇ ಅಕ್ಷರಶೈಲಿ ಇರಬೇಕಾಗಿತ್ತು. ಇಲ್ಲವಾದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತಿದ್ದವು. ಒಂದು ತಂತ್ರಾಂಶದಲ್ಲಿ ಪಳಗಿದ ಬೆರಳಚ್ಚುಗಾರ ಮತ್ತೊಂದರಲ್ಲಿ ಹೊಸದಾಗಿ ಕಲಿಯಬೇಕಾಗಿತ್ತು.

1940ರಲ್ಲಿ ಜನಿಸಿದ ರಾವ್ ಅವರು ಮಂಗಳೂರು ಸಮೀಪದ ಕಿನ್ನಿಕಂಬಳದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಅನಂತರ ಮುದ್ರಣ ಕ್ಷೇತ್ರಕ್ಕೆ ಬಂದರು. ಟಾಟಾ ಪ್ರೆಸ್, ಮೋನೋಟೈಪ್ ಸಂಸ್ಥೆಗಳಲ್ಲಿ ಭಾರತೀಯ ಲಿಪಿಗಳನ್ನು ಯಂತ್ರಕ್ಕೆ ಒಗ್ಗಿಸುವ ಕಾರ್ಯದಲ್ಲಿ ತೊಡಗಿದರು. ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಅಧ್ಯಯನದಲ್ಲಿಯೂ ಕೈಜೋಡಿಸಿದರು. ಲಿಪಿಯ ಶಾಸ್ತ್ರ, ಅಚ್ಚುಮೊಳೆಯ ಅನುಭವ, ಗಣಕದ ತಿಳಿವಳಿಕೆ, ಈ ಮೂರೂ ಒಬ್ಬರಲ್ಲಿಯೇ ಕೂಡಿದ್ದುದು ಕನ್ನಡದ ಭಾಗ್ಯವೆನ್ನಬೇಕು.

ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಗುಟ್ಟು ಸರಳವಾದುದು. ಕನ್ನಡದ ಧ್ವನಿಗೆ ಹೊಂದುವ ಇಂಗ್ಲಿಷ್ ಕೀಲಿಯಲ್ಲಿಯೇ ಆ ಅಕ್ಷರವಿದೆ. ಶಿಫ್ಟ್ ಕೀಲಿಯೊಡನೆ ಒತ್ತಿದರೆ ಅಲ್ಪಪ್ರಾಣವು ಮಹಾಪ್ರಾಣವಾಗುತ್ತದೆ. ಸ್ವರಕ್ಕೂ ಅದರ ಗುಣಿತ ಚಿಹ್ನೆಗೂ ಕೀಲಿ ಒಂದೇ. ಒತ್ತಕ್ಷರ ಮೂಡಿಸಲು ಎರಡು ವ್ಯಂಜನಗಳ ನಡುವೆ ಎಫ್ ಕೀಲಿ. ‘ಮಂಡ್ಯ’ ಎಂದು ಮೂಡಿಸಲು ಎಂ, ಶಿಫ್ಟ್‌ನೊಡನೆ ಎಂ, ಡಬ್ಲ್ಯು, ಎಫ್, ವೈ, ಹೀಗೆ ಐದು ಒತ್ತುಗಳು ಸಾಕು. ‘ಮದ್ದೂರು’, ‘ಮಳವಳ್ಳಿ’ ಎರಡಕ್ಕೂ ಏಳೇಳು. ನೂರಾರು ಮೊಳೆಗಳನ್ನು ಜೋಡಿಸುತ್ತಿದ್ದ ಲಿಪಿಯು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ನೆಲೆಗೊಂಡಿತು.

ಈ ವಿನ್ಯಾಸವನ್ನು ಅವರು ತಮ್ಮ ಸ್ವತ್ತಾಗಿ ಕಟ್ಟಿಡದೆ ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥವಾದುದು. ಮುಂದೆ ರಾಜ್ಯ ಸರ್ಕಾರವು ಇದೇ ವಿನ್ಯಾಸವನ್ನು ಶಿಷ್ಟ ಕೀಲಿಮಣೆಯಾಗಿ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿಗಳನ್ನೂ ಬೆರಳಚ್ಚು ಕೇಂದ್ರಗಳನ್ನೂ ತಲುಪಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 2013ರಲ್ಲಿ ರಾವ್ ಅವರಿಗೆ ನಾಡೋಜ ಪದವಿ ನೀಡಿ ಗೌರವಿಸಿತು.

ಕೀಲಿಮಣೆ ಒಂದಾದರೂ ಒಳಗಿನ ಸಂಕೇತ ಒಂದಾಗುವುದು ಬಾಕಿ ಇತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿತು. ಮರುವರ್ಷವೇ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲತಾಣ ಕಾಣಿಸಿಕೊಂಡಿತು. ಆದರೆ ಜಗತ್ತಿನ ಯಾವ ಗಣಕದಲ್ಲಿಯೂ ಕನ್ನಡವು ಕನ್ನಡವಾಗಿಯೇ ಕಾಣಬೇಕಾದರೆ ಪ್ರತಿ ಅಕ್ಷರಕ್ಕೂ ಜಗತ್ತು ಒಪ್ಪಿದ ಒಂದು ಸಂಖ್ಯೆ ಇರಬೇಕು. ಅದೇ ಯುನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದವು. ನಿತ್ಯ ಬಳಕೆಯ ಯಂತ್ರಗಳಲ್ಲಿ ಅದು ನೆಲೆಯೂರಲು ಹಲವು ವರ್ಷಗಳೇ ಹಿಡಿದವು.

ಈ ಇತಿಹಾಸದಿಂದ ನಮ್ಮ ವರ್ತಕ ಬಾಂಧವರು ಪಡೆಯಬಹುದಾದ ಪ್ರಯೋಜನ ನೇರವಾದುದು. ಹಳೆಯ ಸಂಕೇತದಲ್ಲಿ ಉಳಿದ ಗ್ರಾಹಕರ ಪಟ್ಟಿ, ದರಪಟ್ಟಿ ಹಾಗೂ ಪೊಟ್ಟಣದ ಚೀಟಿಗಳನ್ನು ಹುಡುಕಲೂ ಆಗದು, ಬೇರೆ ಯಂತ್ರಕ್ಕೆ ಸಾಗಿಸಲೂ ಆಗದು. ಲೆಕ್ಕಪತ್ರದ ತಂತ್ರಾಂಶ ಕೊಳ್ಳುವ ಮುನ್ನ ಅದರಲ್ಲಿ ಮೂಡಿಸಿದ ಒಂದು ಹೆಸರನ್ನು ನಕಲಿಸಿ ಮೊಬೈಲ್ ಸಂದೇಶದಲ್ಲಿ ಕಳುಹಿಸಿ ನೋಡಿರಿ. ಅಕ್ಷರ ಕೆಡದೆ ತಲುಪಿದರೆ ಅದು ಯುನಿಕೋಡ್ ಎಂದು ನಂಬಬಹುದು. ಕೆಟ್ಟರೆ ಮಾರಾಟಗಾರರನ್ನು ಪ್ರಶ್ನಿಸಿರಿ. ಹಳೆಯ ಕಡತಗಳನ್ನು ಪರಿವರ್ತಕಗಳ ನೆರವಿನಿಂದ ಬದಲಿಸಿ, ಒಮ್ಮೆ ಓದಿ ತಾಳೆ ನೋಡಿಕೊಳ್ಳುವುದು ಕ್ಷೇಮ.

ತಕ್ಕಡಿಯನ್ನು ಒಬ್ಬ ವರ್ತಕನು ತನಗೆ ಬೇಕಾದಂತೆ ತಿದ್ದಿಕೊಂಡರೆ ಪೇಟೆಯ ನಂಬಿಕೆಯೇ ಹೋಗುತ್ತದೆ. ಎಲ್ಲರೂ ಒಂದೇ ಅಳತೆಗೆ ಬದ್ಧರಾದರೆ ಚಿಕ್ಕ ಅಂಗಡಿಗೂ ದೊಡ್ಡ ಕಾರ್ಖಾನೆಗೂ ಸಮಾನ ಅವಕಾಶ ದೊರೆಯುತ್ತದೆ. ಕೆ.ಪಿ. ರಾವ್ ಅವರು ಅಕ್ಷರಲೋಕದಲ್ಲಿ ಸಾಧಿಸಿ ತೋರಿದ್ದು ಇದನ್ನೇ.